ಮಕ್ಕಳ ಮುಂದಿನ ದಾರಿ ಮುಚ್ಚದಿರಲಿ

(ಎಸ್.ಎಸ್.ಎಲ್.ಸಿ. ಮುಗಿಸಿದ ಮಕ್ಕಳ ಹೆತ್ತವರ ಸಭೆಯಲ್ಲಿ ಮಂಗಳೂರಿನಲ್ಲಿ ಮಾಡಿದ ಭಾಷಣ)



ದಿನದ ದುಡಿಮೆ ಮುಗಿಸಿ, ಕೆಲವರು ಅಂಗಡಿಯ ಬಾಗಿಲೆಳೆದು ಇಲ್ಲಿಗೆ ಬಂದಿದ್ದೀರಿ. ಆದುದರಿಂದ ದೀರ್ಘ ಪೀಠಿಕೆ ಬೇಡ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ನಿಮ್ಮ ಮಗನೋ ಮಗಳೋ ಪಿ.ಯು.ಸಿ. ಅರ್ಜಿಯಲ್ಲಿ ಎರಡು ಭಾಷೆಗಳ ಜೊತೆಗೆ ನಾಲ್ಕು ಐಚ್ಛಿಕ ವಿಷಯಗಳ ಹೆಸರು ಬರೆಯಬೇಕಾಗುತ್ತದೆ. ಆ ನಾಲ್ಕು ಹೆಸರುಗಳು ಮುಂದೆ ಯಾವ ಕಾಲೇಜಿನ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂಬುದನ್ನು ನಿಶ್ಚಯಿಸುತ್ತವೆ.

ಇಷ್ಟು ದೊಡ್ಡ ನಿಶ್ಚಯವನ್ನು ನಮ್ಮ ಮನೆಗಳಲ್ಲಿ ಮಾಡುವವರು ಯಾರು? ಪಕ್ಕದ ಮನೆಯ ಹುಡುಗ ಏನು ತೆಗೆದುಕೊಂಡ ಎಂಬುದು ಒಂದು ಕಾರಣ. ಗೆಳತಿ ಯಾವ ಕಾಲೇಜಿಗೆ ಸೇರಿದಳು ಎಂಬುದು ಇನ್ನೊಂದು. ಯಾವ ಕಾಲೇಜಿನ ಶುಲ್ಕ ಕಡಿಮೆ, ಯಾವುದಕ್ಕೆ ಬಸ್ಸು ನೇರವಾಗಿ ಹೋಗುತ್ತದೆ ಎಂಬುದು ಮತ್ತೊಂದು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯಿದೆ. ಮಕ್ಕಳ ವಿದ್ಯೆಯೂ ಈಗ ಪರರಿಚ್ಛೆಗೆ ಸೇರಿಹೋಗಿದೆ!

"ಯಾವ ಕೆಲಸ ಸಿಗುತ್ತದೆ ಹೇಳಿ, ಅದಕ್ಕೆ ತಕ್ಕ ವಿಷಯ ಕೊಡಿಸುತ್ತೇವೆ" ಎಂದು ನೀವು ಕೇಳಬಹುದು. ಬಡವನ ಮನೆಯಲ್ಲಿ ಇದು ನ್ಯಾಯವಾದ ಪ್ರಶ್ನೆ. ಆದರೆ ನಮ್ಮ ಊರಿನ ಚರಿತ್ರೆಯನ್ನೇ ನೋಡಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ತಂದೆಯ ಹಿಂದೆ ಮಗ ಅಲ್ಲಿಗೇ ಹೋದ. ಇಂದು ಆ ಹೊಗೆಗೂಡುಗಳಲ್ಲಿ ಹೆಚ್ಚಿನವು ತಣ್ಣಗಾಗಿವೆ. ಆಮೇಲೆ ಬ್ಯಾಂಕಿನ ಕಾಲ ಬಂತು. ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 1906ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ ಈ ಹಳೆಯ ಜಿಲ್ಲೆಯಲ್ಲೇ ಹುಟ್ಟಿದವು. "ಕಾಮರ್ಸ್ ಮಾಡು, ಬ್ಯಾಂಕಿಗೆ ಸೇರು" ಎಂಬುದು ಮನೆಮನೆಯ ಮಂತ್ರವಾಯಿತು. 2019ರಲ್ಲಿ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿ ಲೀನವಾಯಿತು. 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೂ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೂ ಹೋದವು. ನಾಲ್ಕರಲ್ಲಿ ಮೂರು ಹೆಸರು ಅಳಿಸಿಹೋದವು. ಒಂದೇ ಕೆಲಸವನ್ನು ಕಣ್ಣಮುಂದಿಟ್ಟು ಓದಿಸಿದರೆ, ಆ ಕೆಲಸ ಹೋದ ದಿನ ಓದಿದವನ ಕೈ ಬರಿದಾಗುತ್ತದೆ. ಆದುದರಿಂದ ಹದಿನೈದು ವರ್ಷದ ಮಗುವನ್ನು "ನೀನು ಏನಾಗುತ್ತೀ?" ಎಂದು ಪೀಡಿಸುವುದಕ್ಕಿಂತ, "ಯಾವ ಬಾಗಿಲನ್ನು ಈಗಲೇ ಮುಚ್ಚಬಾರದು?" ಎಂದು ನಾವು ಕೂತು ಯೋಚಿಸುವುದು ಮೇಲು.

ಆ ಬಾಗಿಲುಗಳು ಯಾವುವು ಎಂದು ಒಂದೊಂದಾಗಿ ನೋಡೋಣ.

ಮೊದಲನೆಯದು ಗಣಿತ. ಎಂಜಿನಿಯರಿಂಗಿಗೆ ನಮ್ಮ ರಾಜ್ಯದ ಸಿ.ಇ.ಟಿ.ಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ವಾಸ್ತುಶಿಲ್ಪದ ಪದವಿಗೂ ಗಣಿತ ಬೇಕು. ಪಣಂಬೂರಿನ ಬಂದರಿಗೆ ಬರುವ ಹಡಗುಗಳನ್ನು ನಮ್ಮ ಮಕ್ಕಳು ದಿನವೂ ನೋಡುತ್ತಾರೆ. ಆ ಹಡಗಿನ ಅಧಿಕಾರಿಯಾಗಲು ಓದುವ ನಾವಿಕ ಪದವಿಗೆ ಭೌತ, ರಸಾಯನ, ಗಣಿತ ಮೂರೂ ಬೇಕು. ಎನ್.ಡಿ.ಎ. ಮೂಲಕ ನೌಕಾದಳ, ವಾಯುದಳಗಳಿಗೆ ಸೇರಲು ಭೌತ, ರಸಾಯನ, ಗಣಿತ ಬೇಕು. 2021ರಿಂದ ಆ ಪರೀಕ್ಷೆಗೆ ಹೆಣ್ಣುಮಕ್ಕಳೂ ಕೂರುತ್ತಿದ್ದಾರೆ. 1960ರಲ್ಲಿ ಪ್ರಾರಂಭವಾದ ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು ಇಂದು ಎನ್.ಐ.ಟಿ.ಕೆ. ಎಂದು ದೇಶಕ್ಕೇ ಹೆಸರಾಗಿದೆ. ಅದರ ಗೋಡೆಯ ಪಕ್ಕದಲ್ಲೇ ಬೆಳೆದ ಮಗುವಾದರೂ ಗಣಿತ ಬಿಟ್ಟರೆ ಆ ಗೇಟು ಅದಕ್ಕಿಲ್ಲ.

ಎರಡನೆಯದು ಜೀವಶಾಸ್ತ್ರ. ವೈದ್ಯಕೀಯಕ್ಕೆ ನೀಟ್ ಪರೀಕ್ಷೆ. ಅದಕ್ಕೆ ಭೌತ, ರಸಾಯನ, ಜೀವಶಾಸ್ತ್ರ ಬೇಕು. ಬಿ.ಎಸ್ಸಿ. ನರ್ಸಿಂಗಿಗೂ ಇವೇ ಮೂರು, ಜೊತೆಗೆ ಇಂಗ್ಲಿಷ್. ಆಸ್ಪತ್ರೆಗಳ ಊರಾದ ಮಂಗಳೂರಿನಲ್ಲಿ ನರ್ಸಿಂಗ್ ಸಣ್ಣ ದಾರಿಯಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹಬ್ಬಿದೆ. ಕಂಪ್ಯೂಟರ್ ಎಂಜಿನಿಯರ್ ಆಗಬೇಕಾದರೆ ಪಿ.ಯು.ಸಿ.ಯಲ್ಲೇ ಕಂಪ್ಯೂಟರ್ ವಿಜ್ಞಾನ ಓದಿರಬೇಕು ಎಂದು ಜನ ನಂಬಿದ್ದಾರೆ. ಹಾಗೇನೂ ಇಲ್ಲ. ಭೌತ, ರಸಾಯನ, ಗಣಿತದ ಜೊತೆ ಜೀವಶಾಸ್ತ್ರ ಓದಿದವನೂ ಕಂಪ್ಯೂಟರ್ ಎಂಜಿನಿಯರಿಂಗಿಗೆ ಸೇರಬಹುದು. ಆದರೆ ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ಆರಿಸಿದವಳಿಗೆ ನರ್ಸಿಂಗೂ ಇಲ್ಲ, ವೈದ್ಯಕೀಯವೂ ಇಲ್ಲ. ಮನಸ್ಸು ಇನ್ನೂ ನಿಲ್ಲದ ಮಗುವಿಗೆ, ಓದುವ ಶಕ್ತಿಯಿದ್ದರೆ, ಈ ನಾಲ್ಕು ವಿಷಯಗಳ ಗುಂಪೇ ಅತಿ ಹೆಚ್ಚು ಬಾಗಿಲುಗಳನ್ನು ತೆರೆದಿಡುತ್ತದೆ.

"ಓದುವ ಶಕ್ತಿಯಿದ್ದರೆ" ಎಂದೆ. ಆ ಮಾತನ್ನು ಮರೆಯಬೇಡಿ. ಗಣಿತವೆಂದರೆ ನಡುಗುವ ಮಗುವನ್ನು ಮಾನಕ್ಕಾಗಿ ವಿಜ್ಞಾನಕ್ಕೆ ತಳ್ಳಿ, ಸಾಲ ಮಾಡಿ ಟ್ಯೂಷನ್ ಕೊಡಿಸಿ, ಕೊನೆಗೆ ನಪಾಸಾಯಿತೆಂದು ಬೈಯುವುದು ಅನ್ಯಾಯ. ದಾಟಲಾಗದ ಬಾಗಿಲು ತೆರೆದಿದ್ದರೂ ಮುಚ್ಚಿದಂತೆಯೇ. ಕಾಮರ್ಸ್, ಆರ್ಟ್ಸ್ ಎಂದರೆ ಸೋತವರ ಪಾಲು ಎಂಬ ಮಾತನ್ನು ಮೊದಲು ಬಿಡಿ. ಐದು ವರ್ಷದ ಕಾನೂನು ಪದವಿಗೆ ಯಾವ ವಿಭಾಗದಲ್ಲಿ ಪಿ.ಯು.ಸಿ. ಮಾಡಿದವರೂ ಸೇರಬಹುದು. ಯಾವುದೇ ಪದವಿ ಪಡೆದವರು ಐ.ಎ.ಎಸ್. ಪರೀಕ್ಷೆಗೆ ಕೂರಬಹುದು. ಸಿ.ಎ. ಫೌಂಡೇಷನ್ ಪರೀಕ್ಷೆಗೂ ಇಂಥದೇ ವಿಭಾಗ ಎಂಬ ಕಟ್ಟಿಲ್ಲ.

ಆದರೆ ಅಲ್ಲಿಯೂ ಆಯ್ಕೆ ಇದೆ. ಕಾಮರ್ಸಿನಲ್ಲಿ ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನಗಳ ಜೊತೆಗೆ ಮೂಲ ಗಣಿತವನ್ನೋ ಸಂಖ್ಯಾಶಾಸ್ತ್ರವನ್ನೋ ಆರಿಸುವ ಅವಕಾಶವಿದ್ದರೆ ಆರಿಸಿ. ಸಿ.ಎ. ಫೌಂಡೇಷನ್ನಿನ ಒಂದು ಪತ್ರಿಕೆಯೇ ವಾಣಿಜ್ಯ ಗಣಿತ ಮತ್ತು ಸಂಖ್ಯಾಶಾಸ್ತ್ರದ್ದು. ಆರ್ಟ್ಸಿನಲ್ಲಿ ಅರ್ಥಶಾಸ್ತ್ರ ಇರುವ ಗುಂಪನ್ನು ನೋಡಿ. ಒಂದು ಎಚ್ಚರಿಕೆ: ದಿಲ್ಲಿ ವಿಶ್ವವಿದ್ಯಾಲಯದಂಥ ಕಡೆ ಅರ್ಥಶಾಸ್ತ್ರದ ಆನರ್ಸ್ ಪದವಿಗೇ ಗಣಿತ ಕೇಳುತ್ತಾರೆ. ಗಣಿತ ಓದಿದವನು ಮುಂದೆ ಬಿ.ಎ.ಗೋ ಕಾನೂನಿಗೋ ಹೊರಳಬಹುದು. ಬಿಟ್ಟವನು ಹಿಂದೆ ಬರುವುದು ಕಷ್ಟ. ತೂಕ ಹಾಕುವಾಗ ಈ ವ್ಯತ್ಯಾಸ ನೆನಪಿರಲಿ.

ಇನ್ನು ಬೇಗ ಸಂಪಾದನೆಗೆ ಇಳಿಯಲೇಬೇಕಾದ ಮನೆಗಳ ಮಾತು. ಪಿ.ಯು.ಸಿ. ಒಂದೇ ದಾರಿಯಲ್ಲ. ಕದ್ರಿಯಲ್ಲಿ 1946ರಲ್ಲಿ ಪ್ರಾರಂಭವಾದ ಸರಕಾರಿ ಪಾಲಿಟೆಕ್ನಿಕ್, ನಮ್ಮವರ ಬಾಯಲ್ಲಿ ಕೆ.ಪಿ.ಟಿ., ಇದೆ. ಎಸ್.ಎಸ್.ಎಲ್.ಸಿ. ಆದ ಮೇಲೆ ಮೂರು ವರ್ಷದ ಡಿಪ್ಲೊಮಾ. ಕೆಲಸಕ್ಕೆ ಹೋಗಬಹುದು. ಮುಂದೆ ಓದುವ ಮನಸ್ಸಾದರೆ ಡಿ.ಸಿ.ಇ.ಟಿ. ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರಬಹುದು. ಎರಡು ವರ್ಷದ ಐ.ಟಿ.ಐ. ಮಾಡಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಪ್ರವೇಶವಿದೆ. ಕೈಕೆಲಸ ಕಲಿತವನಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಏಣಿಯ ಮೆಟ್ಟಿಲುಗಳನ್ನು ನಮ್ಮ ಹುಡುಗರಿಗೆ ತೋರಿಸುವವರು ಕಡಿಮೆ, ಅಷ್ಟೇ.

ಈಗಾಗಲೇ ಬಾಗಿಲು ಮುಚ್ಚಿಕೊಂಡವರು ಎದೆಗುಂದಬೇಕಿಲ್ಲ. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಬಿಟ್ಟುಹೋದ ಒಂದು ವಿಷಯವನ್ನು ಮಾತ್ರ ಓದಿ ಪರೀಕ್ಷೆ ಬರೆಯುವ ಏರ್ಪಾಡಿದೆ. ಹಾಗೆ ಜೀವಶಾಸ್ತ್ರವನ್ನು ಅನಂತರ ಓದಿದವರನ್ನೂ ನೀಟ್ ಪರೀಕ್ಷೆಗೆ ಬಿಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರಲ್ಲಿ ಒಪ್ಪಿತು. 2024ರಿಂದ ನಮ್ಮ ದ್ವಿತೀಯ ಪಿ.ಯು.ಸಿ.ಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ಬಂದಿವೆ. ಆದರೆ ಹಿಂಬಾಗಿಲಿನಿಂದ ಬರಲು ಒಂದು ವರ್ಷ, ಒಂದಷ್ಟು ಹಣ ಹೆಚ್ಚು ಬೇಕು. ನಮ್ಮ ಮನೆಗಳಲ್ಲಿ ಇಲ್ಲದಿರುವುದು ಇವೆರಡೇ. ಬಾಯಾರಿದಾಗ ಬಾವಿ ತೋಡುವ ಬದಲು ಈಗಲೇ ಯೋಚಿಸಿದರೆ ಲೇಸು.

ಕನ್ನಡ ಶಾಲೆಯಲ್ಲಿ ಓದಿಸಿದ್ದೇವೆ, ವಿಜ್ಞಾನ ಹೇಗೆ ಸಾಧ್ಯ ಎಂದು ಹಿಂಜರಿಯುವವರಿಗೆ ಒಂದು ಮಾತು. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ, ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೂ ಸಿ.ಇ.ಟಿ. ಸೀಟುಗಳಲ್ಲಿ ಮೀಸಲಾತಿಯಿದೆ. ಶಾಲೆಯಿಂದ ಆ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಅದು ಭಿಕ್ಷೆಯಲ್ಲ, ಹಕ್ಕು.

ತಾಯಂದಿರೇ, ನಿಮ್ಮಲ್ಲಿ ಒಂದು ವಿಜ್ಞಾಪನೆ. ಬೀಡಿ ಕಟ್ಟಿ, ಗೇರುಬೀಜ ಸುಲಿದು ಮಕ್ಕಳನ್ನು ಓದಿಸಿದವರು ನೀವು. ಅಣ್ಣನಿಗೆ ವಿಜ್ಞಾನ, ತಂಗಿಗೆ ಹತ್ತಿರದ ಕಾಲೇಜಿನಲ್ಲಿ ಸಿಕ್ಕಿದ್ದು ಎಂಬ ಲೆಕ್ಕ ಎಷ್ಟೋ ಮನೆಗಳಲ್ಲಿದೆ. ಅಂಕ ಇಬ್ಬರದ್ದೂ ಒಂದೇ ಆದರೂ ಹೀಗೇ ಆಗುತ್ತದೆ. ಈ ಲೆಕ್ಕ ನಿಮ್ಮ ಮನೆಯಲ್ಲಿ ನಡೆಯದಿರಲಿ.

ಇದೆಲ್ಲ ಮನೆಯೊಳಗೇ ಮುಗಿಯುವ ಸಂಗತಿಯೂ ಅಲ್ಲ. ಈ ಊರಿನಲ್ಲಿ ದಲಿತ ಮಕ್ಕಳಿಗೆ ಶಾಲೆಯ ಬಾಗಿಲೇ ಮುಚ್ಚಿದ್ದ ಕಾಲದಲ್ಲಿ ಕುದ್ಮುಲ್ ರಂಗರಾಯರು ಅವರಿಗಾಗಿ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಇಂದು ಶಾಲೆಯ ಬಾಗಿಲು ತೆರೆದಿದೆ. ಮುಚ್ಚುತ್ತಿರುವುದು ಒಳಗಿನ ಕೋಣೆಗಳು. ಹತ್ತಿರದ ಸರಕಾರಿ ಕಾಲೇಜಿನಲ್ಲಿ ಬೇಕಾದ ವಿಷಯ ಇಲ್ಲದಿದ್ದರೆ, ಇದ್ದರೂ ಉಪನ್ಯಾಸಕರಿಲ್ಲದಿದ್ದರೆ, ಆ ಮಗುವಿನ ಆಯ್ಕೆಗೆ ಅರ್ಥವೇನು? ಆದುದರಿಂದ ಒಬ್ಬೊಬ್ಬರಾಗಿ ಬೇಡದೆ, ಹೆತ್ತವರೆಲ್ಲ ಸೇರಿ ಮನವಿ ಕೊಟ್ಟು ಕೇಳಬೇಕು.

ಕೊನೆಯದಾಗಿ, ಶುಲ್ಕ ಕಟ್ಟುವ ಮೊದಲು ಕಾಲೇಜಿನ ಕಚೇರಿಯಲ್ಲಿ ಧೈರ್ಯವಾಗಿ ಕೇಳಿ: ಈ ಗುಂಪಿನಲ್ಲಿ ಗಣಿತವಿದೆಯೇ? ಇದರಿಂದ ಯಾವ ಪದವಿಗೆ ಹೋಗಲಾಗದು? ಬದಲಿಸಬೇಕೆನಿಸಿದರೆ ಎಷ್ಟು ದಿನದೊಳಗೆ ಹೇಳಬೇಕು? ಎರಡು ವರ್ಷಕ್ಕೆ ಒಟ್ಟು ಖರ್ಚೆಷ್ಟು? ಉತ್ತರ ಬರುವವರೆಗೆ ಅಲ್ಲಿಂದ ಏಳಬೇಡಿ. ಕಚೇರಿಗೆ ಹೋಗುವ ಮುಂಚಿನ ದಿನ ಮಗುವನ್ನೂ ಹತ್ತಿರ ಕೂರಿಸಿಕೊಂಡು ಕೇಳಿ, ಆದರೆ "ಏನಾಗುತ್ತೀ?" ಎಂದಲ್ಲ, "ಯಾವುದನ್ನು ಓದುವಾಗ ನಿನಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ?" ಎಂದು. ಮಗುವಿನ ಆ ಉತ್ತರವನ್ನೂ ಕಾಲೇಜಿನ ಈ ಉತ್ತರಗಳನ್ನೂ ಎದುರುಬದುರು ಇಟ್ಟು ನೋಡಿ, ಆಮೇಲೆ ಅರ್ಜಿ ತುಂಬಿ.