ಮಳೆನಾಡಿನ ಕೈತೋಟದಲ್ಲಿ ಕತ್ತಾಳೆ



ಬಯಲುಸೀಮೆಯ ಕನ್ನಡಿಗರಿಗೆ ಕತ್ತಾಳೆ ಅಪರಿಚಿತ ಸಸ್ಯವಲ್ಲ. ಹೊಲದ ಬದುಗಳಲ್ಲಿ ಬೇಲಿಯಾಗಿ ನಿಂತು, ಹಗ್ಗ-ಕಣ್ಣಿಗಳಿಗೆ ನಾರನ್ನು ಒದಗಿಸುತ್ತ ಬಂದ ಈ ಸಸ್ಯದ ಮೂಲ ನೆಲೆ ಮೆಕ್ಸಿಕೋ ಹಾಗೂ ಅದರ ನೆರೆಯ ಪ್ರದೇಶ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಈ ಕುಲಕ್ಕೆ ‘ಅಗೇವ್’ ಎಂಬ ಹೆಸರನ್ನಿತ್ತನು. ಇಂದು ಇದು ಮನೆಯಂಗಳದ ಅಲಂಕಾರ ಸಸ್ಯವೂ ಆಗಿದೆ.

ಬರವನ್ನು ಸಹಿಸುವ ಕತ್ತಾಳೆ ನಿಂತ ನೀರನ್ನು ಸಹಿಸಲಾರದು. ಚಿತ್ರದುರ್ಗದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ, ಕೊಚ್ಚಿಯಲ್ಲಿ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಆದುದರಿಂದ ಊರಿನಿಂದ ತಂದ ಮರಿಗಿಡವನ್ನು ಊರಿನ ಕ್ರಮದಲ್ಲಿಯೇ ಇಲ್ಲಿ ನೆಟ್ಟರೆ ಅದು ಒಂದೇ ಮಳೆಗಾಲದಲ್ಲಿ ಕೊಳೆತುಹೋಗುವ ಸಂಭವವಿದೆ. ಕತ್ತಾಳೆಯು ತನ್ನ ದಪ್ಪ ಎಲೆಗಳಲ್ಲಿ ನೀರನ್ನು ಸಂಗ್ರಹಿಸಿಕೊಂಡು, ಎಲೆರಂಧ್ರಗಳನ್ನು ಮುಖ್ಯವಾಗಿ ರಾತ್ರಿಯಲ್ಲಿ ತೆರೆಯುತ್ತದೆ. ಹೀಗೆ ನೀರನ್ನು ಮಿತವಾಗಿ ಬಳಸುವ ಸಸ್ಯದ ಬೇರುಗಳು ಸದಾ ತೋಯ್ದ ಮಣ್ಣಿನಲ್ಲಿ ಗಾಳಿಯಿಲ್ಲದೆ ಸೊರಗುತ್ತವೆ. ಅನಂತರ ಶಿಲೀಂಧ್ರಗಳು ಸುಲಭವಾಗಿ ಪ್ರವೇಶಿಸುತ್ತವೆ.

ಹಿನ್ನೀರಿನಿಂದ ಆವೃತವಾದ ವಲ್ಲಾರ್ಪಾಡಂ ದ್ವೀಪದಂತಹ ತಗ್ಗು ನೆಲದಲ್ಲಿ ಗುಂಡಿ ತೋಡಿ ನೆಡುವುದು ಸೂಕ್ತವಲ್ಲ. ನೆಲದ ಮೇಲೆ ಒಂದರಿಂದ ಒಂದೂವರೆ ಅಡಿ ಎತ್ತರದ ದಿಬ್ಬವನ್ನು ನಿರ್ಮಿಸಬೇಕು. ತೋಟದ ಮಣ್ಣಿಗೆ ದಪ್ಪ ಮರಳನ್ನೂ ಇಟ್ಟಿಗೆಚೂರನ್ನೂ ಧಾರಾಳವಾಗಿ ಬೆರೆಸಬೇಕು. ಕಡಲ ಮರಳನ್ನು ಬಳಸಬಾರದು. ಮಳೆ ನಿಂತ ಬಳಿಕ, ಡಿಸೆಂಬರ್-ಜನವರಿ ತಿಂಗಳುಗಳಲ್ಲಿ, ತಾಯಿಗಿಡದ ಬುಡದ ಮರಿಯನ್ನು ಶುಚಿಯಾದ ಚಾಕುವಿನಿಂದ ಬೇರ್ಪಡಿಸಿ, ಗಾಯವು ಒಣಗುವವರೆಗೆ ಕೆಲವು ದಿನ ನೆರಳಿನಲ್ಲಿರಿಸಿ ನೆಡತಕ್ಕದ್ದು. ಸುಳಿಯು ಮಣ್ಣಿನಲ್ಲಿ ಹುದುಗಬಾರದು. ಬೇಸಿಗೆಯಲ್ಲಿ ಹತ್ತು-ಹದಿನೈದು ದಿನಗಳಿಗೊಮ್ಮೆ ನೀರುಣಿಸಿದರೆ ಸಾಕು. ಮಳೆಗಾಲದಲ್ಲಿ ಅದೂ ಬೇಡ.

ತಿರುವನಂತಪುರದ ಇಳಿಜಾರು ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗನೆ ಹರಿದುಹೋಗುತ್ತದೆ. ಆದರೆ ಅಲ್ಲಿ ಮುಂಗಾರಿನಂತೆ ಹಿಂಗಾರೂ ಸುರಿಯುವುದರಿಂದ, ಕುಂಡದ ಗಿಡಗಳನ್ನು ನವೆಂಬರ್ ಕಳೆಯುವವರೆಗೆ ಬೆಳಕಿರುವ ಸೂರಿನಡಿ ಇಡುವುದು ಒಳಿತು. ಕುಂಡದ ತಳದಲ್ಲಿ ರಂಧ್ರವಿರುವುದು ಅತ್ಯವಶ್ಯ. ಬುಡದ ಎಲೆಗಳು ಹಳದಿಯಾಗಿ, ಮೆತ್ತಗಾಗಿ ದುರ್ವಾಸನೆ ಬೀರಿದರೆ ಗಿಡವನ್ನು ಕಿತ್ತು, ಕೊಳೆತ ಭಾಗವನ್ನು ಪೂರ್ಣವಾಗಿ ಕತ್ತರಿಸಿ, ಒಣಗಿಸಿ, ಹೊಸ ಮಣ್ಣಿನಲ್ಲಿ ನೆಡಬೇಕು.

ಸುರಕ್ಷತೆಯ ಮಾತೂ ಮುಖ್ಯವಾದುದು. ಎಲೆಯ ತುದಿಮುಳ್ಳು ಮಕ್ಕಳ ಕಣ್ಣಿನ ಎತ್ತರದಲ್ಲಿಯೇ ಇರುತ್ತದೆ. ದೊಡ್ಡ ಜಾತಿಗಳನ್ನು ಕಾಲುದಾರಿಯಿಂದ ಕನಿಷ್ಠ ಆರು ಅಡಿ ದೂರದಲ್ಲಿ ನೆಡಬೇಕು. ಎಳೆಯ ಮಕ್ಕಳಿರುವ ಮನೆಗಳಿಗೆ ಮುಳ್ಳಿಲ್ಲದ ‘ಅಗೇವ್ ಅಟೆನ್ಯುಯೇಟಾ’ ಯೋಗ್ಯವಾದುದು. ಎಲೆಯ ರಸ ತಗುಲಿದರೆ ಚರ್ಮದಲ್ಲಿ ಉರಿ, ತುರಿಕೆ ಉಂಟಾಗುವುದರಿಂದ ಕೈಗವಸು ಧರಿಸಿ ಕೆಲಸ ಮಾಡಬೇಕು. ರಸ ತಗುಲಿದ ಭಾಗವನ್ನು ಕೂಡಲೇ ತೊಳೆಯಬೇಕು.

ಹಲವು ವರ್ಷಗಳ ಅನಂತರ ಗಿಡದ ನಡುವಿನಿಂದ ಎತ್ತರವಾದ ಹೂದಂಡವು ಮೇಲೇಳುತ್ತದೆ. ಒಮ್ಮೆ ಹೂಬಿಟ್ಟ ಗಿಡವು ಕ್ರಮೇಣ ಒಣಗಿ ಸಾಯುತ್ತದೆ. ಇದು ಅದರ ಸಹಜ ಜೀವನಕ್ರಮ. ರೋಗವೆಂದು ಭಾವಿಸಿ ಔಷಧ ಸಿಂಪಡಿಸುವುದು ವ್ಯರ್ಥ. ಅಷ್ಟರಲ್ಲಿ ಬುಡದಲ್ಲಿ ಮರಿಗಳು ಹುಟ್ಟಿರುತ್ತವೆ. ಅವುಗಳಲ್ಲಿ ಒಂದನ್ನು ಉಳಿಸಿಕೊಂಡು, ಮಿಕ್ಕವನ್ನು ಬಯಲಿಗೆಸೆಯದೆ ನೆರೆಹೊರೆಯವರಿಗೆ ನೀಡಿರಿ. ಜೊತೆಗೆ, ದಿಬ್ಬದ ಮೇಲೆಯೇ ನೆಡಬೇಕೆಂದು ತಿಳಿಸುವುದನ್ನು ಮರೆಯದಿರಿ.