ಗಾಳಿಯ ಮಾತೂ ಊರಿನ ಮಾತೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಹುಲಿಕೆರೆಯಲ್ಲಿ ಮಾಡಿದ ಭಾಷಣ)

 

ಆಕಾಶವಾಣಿ ಮತ್ತು ದೂರದರ್ಶನಗಳ ಸಂವಾದ ಕಾರ್ಯಕ್ರಮಗಳು ಸಮಾಜದ ಮೇಲೆ ಬೀರುವ ಪರಿಣಾಮವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ಧರ್ಮಸಭೆಯಲ್ಲಿ ಇಂತಹ ವಿಷಯವೇತಕ್ಕೆ ಎಂದು ಕೆಲವರಿಗೆ ತೋರಬಹುದು. ಆದರೆ ಮಾತನ್ನೇ ಸಾಧನೆಯ ದಾರಿಯನ್ನಾಗಿ ಮಾಡಿಕೊಂಡ ಶರಣರ ಪರಂಪರೆಗೆ ಸೇರಿದವರು ನಾವು. ಊರಿನ ಮಾತು ಎಲ್ಲಿ ನಡೆಯುತ್ತದೆ, ಅದನ್ನು ಯಾರು ಆಡುತ್ತಾರೆ, ಯಾರು ಆಲಿಸುತ್ತಾರೆ ಎಂಬ ವಿಚಾರವು ನಮಗೆ ಹೊರಗಿನದಾಗಲಾರದು.

ಹಿಂದೆ ಊರಿನ ಮಾತುಕತೆಯು ಕೆರೆಯ ಏರಿಯ ಮೇಲೆ, ಅರಳಿಕಟ್ಟೆಯಲ್ಲಿ, ಮಠದ ಜಗುಲಿಯಲ್ಲಿ ನಡೆಯುತ್ತಿದ್ದಿತು. ಮಾತು ಗಾಳಿಯನ್ನೇರಿ ಬರುವ ಕಾಲವು ನಮ್ಮ ಸೀಮೆಗೆ 1935ರಲ್ಲಿ ಒದಗಿತು. ಆ ವರ್ಷದ ಸೆಪ್ಟೆಂಬರ್ 10ರಂದು, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಶ್ರೀ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರಸಾರ ಕೇಂದ್ರವನ್ನು ತೆರೆದರು. ಅಲ್ಲಿ ರೂಢಿಗೆ ಬಂದ ‘ಆಕಾಶವಾಣಿ’ ಎಂಬ ಹೆಸರೇ ಸ್ವಾತಂತ್ರ್ಯಾನಂತರ ಇಡೀ ದೇಶದ ಪ್ರಸಾರ ಸಂಸ್ಥೆಯ ಹೆಸರಾಯಿತೆಂಬುದು ಕನ್ನಡಿಗರ ಹೆಮ್ಮೆಗೆ ಕಾರಣವಾದ ಸಂಗತಿ.

ಆದರೆ ಆಕಾಶದಿಂದ ಬರುವ ವಾಣಿಯಲ್ಲಿ ಒಂದು ಕೊರತೆಯುಂಟು. ಅದಕ್ಕೆ ಬಾಯಿಯುಂಟು, ಕಿವಿಯಿಲ್ಲ. ಪೆಟ್ಟಿಗೆಯು ಹೇಳುತ್ತದೆ, ನಾವು ಕೇಳುತ್ತೇವೆ, ಮರುಮಾತು ಅದಕ್ಕೆ ಮುಟ್ಟುವುದಿಲ್ಲ. ಈ ಕೊರತೆಯನ್ನು ನೀಗಿಸಲು 1956ರಲ್ಲಿ ನಮ್ಮ ನೆರೆಯ ಸೀಮೆಯಲ್ಲಿ ಒಂದು ಸ್ತುತ್ಯವಾದ ಪ್ರಯತ್ನವು ನಡೆಯಿತು. ಪುಣೆಯ ಆಕಾಶವಾಣಿಯು ಯುನೆಸ್ಕೋ ಸಂಸ್ಥೆಯ ನೆರವಿನಿಂದ, ಅಂದಿನ ಮುಂಬಯಿ ರಾಜ್ಯದ 5 ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೇಡಿಯೋ ಗ್ರಾಮಗೋಷ್ಠಿಗಳನ್ನು ಏರ್ಪಡಿಸಿತು. ವಾರಕ್ಕೆ 2 ಬಾರಿ ಅರ್ಧ ಗಂಟೆಯ ಪ್ರಸಾರ. ಹಳ್ಳಿಯ ಸುಮಾರು 20 ಜನರು ಒಂದೆಡೆ ಕುಳಿತು ಅದನ್ನು ಕೇಳುವರು. ಪೆಟ್ಟಿಗೆಯು ಸುಮ್ಮನಾದ ಮೇಲೆ ತಮ್ಮತಮ್ಮೊಳಗೆ ಚರ್ಚಿಸುವರು. ತಮ್ಮ ತೀರ್ಮಾನವನ್ನೂ ಸಂದೇಹಗಳನ್ನೂ ಕೇಂದ್ರಕ್ಕೆ ಬರೆದು ಕಳುಹಿಸುವರು. ಮುಂದಿನ ಪ್ರಸಾರಗಳಲ್ಲಿ ಅವಕ್ಕೆ ಉತ್ತರವು ದೊರೆಯುವುದು. ಕೇಳಿ, ಚರ್ಚಿಸಿ, ಕಾರ್ಯಕ್ಕೆ ತೊಡಗಿರಿ ಎಂಬುದೇ ಅದರ ತತ್ತ್ವವಾಗಿತ್ತು. ಪೆಟ್ಟಿಗೆಯ ಮಾತು ಮುಗಿದ ಮೇಲೆ ಊರಿನ ಮಾತು ಮೊದಲಾಗುತ್ತಿತ್ತೆಂಬುದನ್ನು ತಾವು ಲಕ್ಷ್ಯದಲ್ಲಿಡಬೇಕು.

ದೂರದರ್ಶನವು ಕನ್ನಡನಾಡಿನ ಹಳ್ಳಿಗಳನ್ನು ಹೊಕ್ಕಾಗಲೂ ಮೊದಲು ಹೀಗೆಯೇ ಇದ್ದಿತು. 1975ರ ಆಗಸ್ಟಿನಿಂದ ಒಂದು ವರ್ಷದ ಕಾಲ, ಉಪಗ್ರಹದ ಮೂಲಕ ದೇಶದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಬಿತ್ತರಿಸಿದ ಪ್ರಯೋಗದಲ್ಲಿ ನಮ್ಮ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಊರಿಗೊಂದು ಪೆಟ್ಟಿಗೆ, ಅದರ ಮುಂದೆ ಊರವರೆಲ್ಲ ಕೂಡಿ ಕುಳಿತು ನೋಡುತ್ತಿದ್ದರು. 1981ರ ನವೆಂಬರ್ 1ರಂದು ಬೆಂಗಳೂರಿನ ದೂರದರ್ಶನ ಕೇಂದ್ರವು ಪ್ರಾರಂಭವಾಯಿತು. ಕ್ರಮೇಣ ಮನೆಗೊಂದು ಪೆಟ್ಟಿಗೆ ಬಂದಿತು. ಖಾಸಗಿ ವಾಹಿನಿಗಳು ಹೆಚ್ಚಿದವು. ಒಟ್ಟಿಗೆ ಕುಳಿತವರು ಚದುರಿ, ಒಬ್ಬೊಬ್ಬರೂ ತಮ್ಮ ತಮ್ಮ ಕದದೊಳಗೆ ನೋಡುವಂತಾಯಿತು.

ಈ ಖಾಸಗಿ ವಾಹಿನಿಗಳಲ್ಲಿ ಸಂಸಾರದ ಜಗಳಗಳನ್ನೇ ವಿಷಯವನ್ನಾಗಿ ಮಾಡಿಕೊಂಡ ಸಂವಾದಗಳು ಹುಟ್ಟಿಕೊಂಡವು. ಗಂಡನು ಒಂದು ಕಡೆ, ಹೆಂಡತಿಯು ಮತ್ತೊಂದು ಕಡೆ, ನಡುವೆ ಪ್ರಶ್ನೆ ಕೇಳುವವರು. ಇವನ್ನು ಹಳಿಯುವುದು ಸುಲಭ; ನಾನೂ ಬಹುಕಾಲ ಹಳಿಯುತ್ತಿದ್ದೆನು. ನನ್ನ ಅಭಿಪ್ರಾಯವನ್ನು ತಿದ್ದಿದ ಒಂದು ಪ್ರಸಂಗವನ್ನು ಇಲ್ಲಿ ಅರಿಕೆಮಾಡುತ್ತೇನೆ.

ನಮ್ಮ ಸೀಮೆಯ ಒಂದು ಊರಿನ ಹೆಣ್ಣುಮಗಳು ಇಂತಹ ಒಂದು ಕಾರ್ಯಕ್ರಮಕ್ಕೆ ಹೋಗಿ, ತನ್ನ ಗಂಡನ ಮನೆಯ ಕಷ್ಟವನ್ನು ಹೇಳಿಕೊಂಡು ಬಂದಳು. ಅಲ್ಲಿ ಕಣ್ಣೀರು ಹರಿಯಿತು, ರಾಜಿಯಾಯಿತು, ನೋಡಿದವರು ಕರಗಿದರು. ಊರಿಗೆ ಮರಳಿದ ಮೇಲೆ ಬಾವಿಯ ಬಳಿ, ಅಂಗಡಿಯ ಬಳಿ ಅವಳದೇ ಮಾತು. ಎರಡು ತಿಂಗಳಲ್ಲಿ ಹಳೆಯ ಜಗಳವು ಮೊದಲಿಗಿಂತ ಹೆಚ್ಚಾಯಿತು. ಆ ಮನೆಗೆ ಬೇಕಾದವನಾದುದರಿಂದ ನಾನು ಹೋಗಿ, “ಮನೆಯ ಮಾತನ್ನು ನಾಡಿಗೆಲ್ಲ ಏಕೆ ಹೇಳಿದೆಯಮ್ಮ?” ಎಂದು ಕೇಳಿದೆನು. ಅವಳು ತಲೆ ಎತ್ತದೆ ಹೇಳಿದಳು: “ಸ್ವಾಮಿ, ಮೂರು ಸಲ ಊರ ಹಿರಿಯರ ಮುಂದೆ ನಿಂತೆ. ಮೂರು ಸಲವೂ ನನ್ನ ಗಂಡನ್ನ ಕೇಳಿದರು, ಮಾವನ್ನ ಕೇಳಿದರು. ನಿನ್ನ ಮಾತೇನಮ್ಮ ಅಂತ ಕೇಳಿದ್ದು ಅಲ್ಲಿ ಮಾತ್ರ.” ಆ ಹಿರಿಯರಲ್ಲಿ ನಾನೂ ಒಬ್ಬನಾಗಿದ್ದೆನು. ಅವಳಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ನನಗೆ ತೋರಿರುವುದೇನೆಂದರೆ, ನಾವು ಆಲಿಸದೆ ಬಿಟ್ಟ ಮಾತೇ ಹೋಗಿ ವಾಹಿನಿಗಳ ರಂಗದ ಮೇಲೆ ನಿಂತಿದೆ. ಆ ಕಾರ್ಯಕ್ರಮಗಳು ಕೇಳಿದವೆಂಬುದು ನಿಜ. ಮುಚ್ಚಿಟ್ಟ ಕ್ರೌರ್ಯವನ್ನು ಬಯಲಿಗೆ ತಂದು, ‘ಇದು ನನ್ನೊಬ್ಬಳ ಪಾಡಲ್ಲ’ ಎಂಬ ಧೈರ್ಯವನ್ನು ಅವು ಕೆಲವರಿಗೆ ಕೊಟ್ಟಿರಲೂಬಹುದು. ಆದರೆ ದೀಪವಾರಿದ ಮೇಲೆ ಅವು ಆ ಮನೆಗೆ ಬರಲಾರವು. ನೋಡಿದವರು ಮರುಗುವರು, ಮರೆಯುವರು. ಒಬ್ಬಳ ದುಃಖವು ಹಲವರ ಸಂಜೆಯ ವಿನೋದವಾಗಿ ಕೊನೆಗಾಣುವುದು.

ಅನುಭವಮಂಟಪವನ್ನು ಇಲ್ಲಿ ನೆನೆಯಬೇಕು. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುವು ಅವಳಿಗೆ ಹಾಕಿದ ಪ್ರಶ್ನೆಗಳನ್ನು ಶೂನ್ಯಸಂಪಾದನೆಯು ನಿರೂಪಿಸುತ್ತದೆ. ಅವು ಮೃದುವಾದ ಪ್ರಶ್ನೆಗಳಲ್ಲ. ಅವಳ ಪತಿಯನ್ನೂ ಉಡುಗೆಯನ್ನೂ ಕುರಿತು ತುಂಬಿದ ಸಭೆಯಲ್ಲಿ ಕೇಳಿದವು. ಆದರೂ ಅದು ನೋಟವಾಗಲಿಲ್ಲ. ಏಕೆಂದರೆ ಕೇಳಿದವರು ಅವಳ ಉತ್ತರದಿಂದ ತಾವೂ ತಿದ್ದಿಕೊಳ್ಳಲು ಸಿದ್ಧರಾಗಿದ್ದರು. ಉತ್ತರವಾದ ಮೇಲೆ ಅವಳನ್ನು ತಮ್ಮಲ್ಲಿ ಒಬ್ಬಳನ್ನಾಗಿ ಬರಮಾಡಿಕೊಂಡರು. ಗೋಷ್ಠಿಗೂ ನೋಟಕ್ಕೂ ಇರುವ ಅಂತರವು ಇದೇ.

ಇದು ಇಂದಿಗೂ ಸಾಧ್ಯವೆಂಬುದಕ್ಕೆ ಕೋಲಾರ ಜಿಲ್ಲೆಯ ಬೂದಿಕೋಟೆಯು ಸಾಕ್ಷಿ. ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ತೀರ್ಪಿತ್ತಿದ್ದರೂ, ಹಳ್ಳಿಯ ಜನರಿಗೆ ಬಾನುಲಿಯನ್ನು ನಡೆಸುವ ಅನುಮತಿಯು ದೊರೆಯುವ ನೀತಿ ಬಂದುದು 2006ರಲ್ಲಿ. ಅದಕ್ಕೂ ಮೊದಲೇ ಬೂದಿಕೋಟೆಯವರು ‘ನಮ್ಮ ಧ್ವನಿ’ ಎಂಬ ಕೇಂದ್ರವನ್ನು ಕಟ್ಟಿ, ಗಾಳಿಯಲ್ಲಿ ಬಿತ್ತರಿಸುವ ಅಪ್ಪಣೆಯಿಲ್ಲದ ಕಾರಣ ಕೇಬಲ್ ತಂತಿಯ ಮೂಲಕ ಮನೆಮನೆಗೆ ಧ್ವನಿಯನ್ನು ಮುಟ್ಟಿಸಿದರು. ಅಲ್ಲಿ ಕಾರ್ಯಕ್ರಮಗಳನ್ನು ರೂಪಿಸುವುದರಲ್ಲಿ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಮುಂದಾಗಿ ನಿಂತರು. ಅಲ್ಲಿ ಮಾತನಾಡಿದವರೂ ಊರಿನವರೇ, ಕೇಳಿದವರೂ ಊರಿನವರೇ. ಮಾತು ಮುಗಿದ ಮೇಲೆ ಒಬ್ಬರಿಗೊಬ್ಬರು ಮುಖ ತೋರಿಸಲೇಬೇಕು.

ಆದಕಾರಣ ನನ್ನ ವಿಜ್ಞಾಪನೆ ಇಷ್ಟೇ. ಯಂತ್ರವನ್ನು ಬೈದು ಫಲವಿಲ್ಲ. ಅದನ್ನು ಬಿಟ್ಟು ಬಾಳುವ ಕಾಲವೂ ಇದಲ್ಲ. ವಾರಕ್ಕೊಂದು ಸಂಜೆ ಈ ಮಠದ ಆವರಣದಲ್ಲಿ ಕೂಡೋಣ. ಬೆಳೆಯ ರೋಗವನ್ನು ಕುರಿತದ್ದಾಗಲಿ, ಸಂಸಾರದ ಕಷ್ಟವನ್ನು ಕುರಿತದ್ದಾಗಲಿ, ಒಂದು ಒಳ್ಳೆಯ ಸಂವಾದವನ್ನು ಒಟ್ಟಿಗೆ ಕೇಳೋಣ. ಅನಂತರ ಪೆಟ್ಟಿಗೆಯನ್ನು ಆರಿಸಿ ನಾವು ಮಾತನಾಡೋಣ. ಮೊದಲ ಮಾತು ತಾಯಂದಿರದಾಗಲಿ. ಹಿರಿಯರು ಕಡೆಗೆ ಮಾತನಾಡಲಿ. ತನ್ನ ನೋವನ್ನು ಹೇಳಿಕೊಳ್ಳಲು ನಮ್ಮ ಹೆಣ್ಣುಮಗಳೊಬ್ಬಳು ದೂರದ ರಂಗವನ್ನು ಹತ್ತಬೇಕಾಗಿ ಬಾರದಿದ್ದರೆ, ಈ ಮಹೋತ್ಸವವು ಸಾರ್ಥಕವಾಯಿತೆಂದು ನಾನು ತಿಳಿಯುತ್ತೇನೆ.