ಏನಂತ ಕರೆಯಬೇಕು?



ದಿನವೆಲ್ಲ ಹೊಲದಲ್ಲಿ ದುಡಿದು, ರೊಟ್ಟಿ ಬಡಿದು, ಪಾತ್ರೆ ತೊಳೆದಿಟ್ಟು ಬಂದಿದ್ದೀರಿ. ಬಹಳ ಹೊತ್ತು ಹಿಡಿಯುವುದಿಲ್ಲ. ಇವತ್ತು ಹೊಸ ಪಾಠ ಇಲ್ಲ. ಒಂದು ವಿಷಯ ಮಾತಾಡೋಣ.

ಹೋದ ತಿಂಗಳು ನಾವು ಅಂಕಿ ಕಲಿಸುತ್ತಿದ್ದೆವು. ನೆನಪಿದೆಯಾ? ಏಳು ಬರೆದಿರಿ. ಎಂಟು ಬರೆದಿರಿ. ಒಂಬತ್ತು ಎಂದ ಕೂಡಲೇ ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಗು ಬಂತು. ಒಬ್ಬರು ನಕ್ಕರು, ಪಕ್ಕದವರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನಾವೂ ನಕ್ಕೆವು. ಸುಳ್ಳು ಯಾಕೆ ಹೇಳಬೇಕು?

ಯಾಕೆ ನಗು ಬಂತು ಎಂದು ನಿಮಗೂ ಗೊತ್ತು, ನಮಗೂ ಗೊತ್ತು. ಗಂಡಾಗಿ ಹುಟ್ಟಿ ಸೀರೆ ಉಡುವವರನ್ನು ಹುಡುಗರು 'ಒಂಬತ್ತು' ಎಂದು ಕೂಗುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಕೂಗುತ್ತಾರೆ, ಸಂತೆಯಲ್ಲಿ ಕೂಗುತ್ತಾರೆ. ಆ ಅಂಕಿ ಏನು ತಪ್ಪು ಮಾಡಿದೆಯೋ!

ಆ ರಾತ್ರಿ ಒಬ್ಬ ತಾಯಿ ನಗಲಿಲ್ಲ. ಪಾಟಿ ನೋಡುತ್ತಾ ಕುಳಿತಿದ್ದರು. ಎಲ್ಲರೂ ಹೋದ ಮೇಲೆ ನಮ್ಮ ಹತ್ತಿರ ಬಂದರು.

"ಅಕ್ಕೋರೆ, ಒಂದು ಕಾಗದ ಬರೀಬೇಕ್ರಿ."

"ಯಾರಿಗವ್ವಾ?"

"ನನ್ನ ಮಗಗ. ಬೆಂಗಳೂರಾಗ ಐತ್ರಿ. ಮನಿ ಬಿಟ್ಟು ಐದು ವರ್ಷ ಆತು. ಈಗ ಸೀರಿ ಉಡ್ತತಂತ. ನಮ್ಮೂರವರು ನಾಳೆ ನಾಡಿದ್ದು ಬೆಂಗಳೂರಿಗೆ ಹೊಂಟಾರ. ರೊಟ್ಟಿ ಗಂಟಿನಾಗ ಒಂದು ಕಾಗದ ಇಡಬೇಕಂತೀನಿ. ಮ್ಯಾಲೆ ಏನಂತ ಬರೀಲ್ರಿ? ಮಗನೆ ಅಂತ ಬರೀಲೋ, ಏನು ಬರೀಲೋ?"

ನಮಗೆ ಉತ್ತರ ಹೊಳೆಯಲಿಲ್ಲ. ಟೀಚರ್ ಟ್ರೇನಿಂಗ್ ಮುಗಿಸಿದ್ದೇವೆ. ಕಾಗದ ಬರೆಯುವ ಕ್ರಮ ಕಲಿಸುತ್ತೇವೆ. ತಂದೆಗೆ 'ತೀರ್ಥರೂಪು', ತಾಯಿಗೆ 'ಮಾತೃಶ್ರೀ', ಕಿರಿಯರಿಗೆ 'ಚಿರಂಜೀವಿ' ಎಂದು ಬೋರ್ಡಿನ ಮೇಲೆ ಬರೆಸುತ್ತೇವೆ. ಈ ತಾಯಿ ಕೇಳಿದ್ದು ಆ ಪಾಠದಲ್ಲಿ ಇರಲಿಲ್ಲ.

(ಆ ತಾಯಿಯ ಹೆಸರು ಹೇಳುವುದಿಲ್ಲ. ಅವರನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಇಷ್ಟು ಹೇಳುತ್ತಿದ್ದೇವೆ. ಇಂಥ ಮಾತನ್ನು ಕೇಳದೆ ಊರಲ್ಲಿ ಹೇಳಬಾರದು. ಒಬ್ಬರ ಗುಟ್ಟು ಇನ್ನೊಬ್ಬರ ಹರಟೆ ಆದರೆ ಆ ಮಕ್ಕಳು ಊರಿಗೆ ಬರುವುದು ಹೇಗೆ?)

ಅಂದಿನಿಂದ ನಾವು ಓದಿದೆವು, ತಿಳಿದವರನ್ನು ಕೇಳಿದೆವು. ತಿಳಿದದ್ದನ್ನು ಹೇಳುತ್ತೇವೆ.

ಮಗು ಹುಟ್ಟಿದಾಗ ದೇಹ ನೋಡಿ ಗಂಡು ಎನ್ನುತ್ತೇವೆ, ಹೆಣ್ಣು ಎನ್ನುತ್ತೇವೆ. ಮಗು ಬೆಳೆಯುತ್ತದೆ. ತಾನು ಗಂಡೋ ಹೆಣ್ಣೋ ಎಂದು ಅದರ ಮನಸ್ಸಿಗೂ ತಿಳಿಯುತ್ತದೆ. ಬಹಳ ಜನರಿಗೆ ದೇಹ ಹೇಳಿದ್ದೂ ಮನಸ್ಸು ಹೇಳಿದ್ದೂ ಒಂದೇ. ಕೆಲವರಿಗೆ ಹಾಗಲ್ಲ. ಗಂಡೆಂದು ಬೆಳೆಸಿದ ಮಗು ತಾನು ಹೆಣ್ಣು ಎನ್ನುತ್ತದೆ. ಹೆಣ್ಣೆಂದು ಬೆಳೆಸಿದ ಮಗು ತಾನು ಗಂಡು ಎನ್ನುವುದೂ ಉಂಟು. ಹೀಗೆ ಮನಸ್ಸು ಹೇಳುವುದಕ್ಕೆ 'ಲಿಂಗತ್ವ' ಎನ್ನುತ್ತಾರೆ. ಅಂಥವರಿಗೆ ಸರ್ಕಾರದ ಕಾಗದದಲ್ಲಿ 'ಲಿಂಗತ್ವ ಅಲ್ಪಸಂಖ್ಯಾತರು' ಎಂದು ಬರೆಯುತ್ತಾರೆ. ಟ್ರಾನ್ಸ್ ಮಹಿಳೆ, ಟ್ರಾನ್ಸ್ ಪುರುಷ ಎಂಬ ಮಾತುಗಳೂ ಬಳಕೆಯಲ್ಲಿವೆ. ಪೇಪರಿನಲ್ಲಿ 'ಮಂಗಳಮುಖಿ' ಎಂದು ನೋಡಿರುತ್ತೀರಿ. ಕೆಲವರಿಗೆ ಆ ಮಾತು ಇಷ್ಟ, ಕೆಲವರಿಗೆ ಇಷ್ಟವಿಲ್ಲ. 'ಹಿಜ್ರಾ' ಎಂದು ತಮ್ಮನ್ನು ತಾವೇ ಹೇಳಿಕೊಳ್ಳುವವರು ಇದ್ದಾರೆ. ಅದು ಅವರ ಬಳಗದ ಹೆಸರು. ಅದೇ ಮಾತನ್ನು ನಾವು ಬೀದಿಯಲ್ಲಿ ನಿಂತು ಕೂಗಿದರೆ ಬೈಗುಳ.

ನಮ್ಮ ಕಡೆ ಜೋಗಪ್ಪ, ಜೋಗತಿ ಎನ್ನುತ್ತೇವೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದವರು ಅವರನ್ನು ನೋಡಿದ್ದೀರಿ. ಅಲ್ಲಿ ಅವರ ಕಾಲಿಗೆ ಬೀಳುತ್ತೇವೆ. ಭಂಡಾರ ಹಚ್ಚಿಸಿಕೊಳ್ಳುತ್ತೇವೆ. ಮರುದಿನ ಬಸ್ಸಿನಲ್ಲಿ ಅವರೇ ಬಂದು ಪಕ್ಕದಲ್ಲಿ ಕುಳಿತರೆ ಎದ್ದು ಹೋಗುತ್ತೇವೆ. ಇದು ಯಾವ ಸೀಮೆ ಭಕ್ತಿ?

ಮಂಜಮ್ಮ ಜೋಗತಿ ಅವರ ಹೆಸರು ಕೇಳಿದ್ದೀರಾ? ಬಳ್ಳಾರಿ ಸೀಮೆಯವರು. ಹುಡುಗನೆಂದು ಬೆಳೆಸಿದ ಮಗು. ಮನೆ ಬಿಟ್ಟರು, ಭಿಕ್ಷೆ ಬೇಡಿದರು, ಜೋಗತಿ ನೃತ್ಯ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಗೆ ಅಧ್ಯಕ್ಷರಾದರು. 2021ರಲ್ಲಿ ದೆಹಲಿಯಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದರು. ಆಗ ಸೆರಗು ಹಿಡಿದು ರಾಷ್ಟ್ರಪತಿಗಳಿಗೇ ದೃಷ್ಟಿ ತೆಗೆದರು! ಟೀವಿಯಲ್ಲಿ ನೋಡಿ ನಮ್ಮ ಕಣ್ಣಲ್ಲಿ ನೀರು ಬಂತು. ಈಗ ಎಲ್ಲರೂ ಅವರನ್ನು ಮಂಜಮ್ಮ ಎನ್ನುತ್ತಾರೆ. ಪ್ರಶಸ್ತಿ ಬಂದವರಿಗೆ ಅಮ್ಮ ಎನ್ನುವುದು ಸುಲಭ. ಓಣಿಯಲ್ಲಿ ಬಂದವರಿಗೆ ಏನೆನ್ನುತ್ತೇವೆ?

ಅಲ್ಲೇ ನಮ್ಮಿಂದ ಒಂದು ತಪ್ಪಾಗಿದೆ. ಒಮ್ಮೆ ಶಾಲೆಯ ಬಾಗಿಲಿಗೆ ಒಬ್ಬ ಜೋಗಮ್ಮ ಬಂದಿದ್ದರು. ನಾವು ಮಕ್ಕಳ ಮುಂದೆಯೇ "ಅದು ಯಾಕ ಬಂದೈತಿ, ಏನಾದ್ರೂ ಕೊಟ್ಟು ಕಳಿಸು" ಎಂದೆವು. ಅದು! ಕಲ್ಲಿಗೆ ಅದು, ಕುರ್ಚಿಗೆ ಅದು. ಆ ಜೋಗಮ್ಮ ಏನೂ ಅನ್ನಲಿಲ್ಲ, ತಿರುಗಿ ಹೋದರು. ಮಾರನೆ ದಿನ ಆಟದಲ್ಲಿ ಮಕ್ಕಳು ಒಬ್ಬ ಮೆತ್ತಗಿನ ಹುಡುಗನಿಗೆ "ಅದು ಬಂತು, ಅದು ಬಂತು" ಎನ್ನುತ್ತಿದ್ದರು. ಕಲಿಸಿದವರು ನಾವೇ. ಶಾಲೆಯಲ್ಲಿ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂದು ಬಾಯಿಪಾಠ ಮಾಡಿಸುತ್ತೇವೆ. ಮೂರನೆಯದು ವಸ್ತುಗಳಿಗೆ, ಪ್ರಾಣಿಗಳಿಗೆ. ಅದನ್ನು ಮನುಷ್ಯರಿಗೆ ಅಂಟಿಸಬಾರದು.

ನಮ್ಮ ಕನ್ನಡದಲ್ಲಿ ಒಂದು ಅನುಕೂಲ ಇದೆ. ಅವನು ಅನ್ನಬೇಕೋ ಅವಳು ಅನ್ನಬೇಕೋ ತಿಳಿಯದಿದ್ದರೆ 'ಅವರು' ಎನ್ನಬಹುದು. ಅವರು ಬಂದರು, ಅವರು ಕೂತರು. ಅತ್ತೆ ಮಾವನಿಗೆ ಹೇಳುವ ಮಾತೇ ಅದು. ಹೊಸದಾಗಿ ಏನೂ ಕಲಿಯಬೇಕಿಲ್ಲ. ಪರಿಚಯ ಆದ ಮೇಲೆ ಕೇಳಿದರಾಯಿತು, "ನಿಮ್ಮನ್ನ ಏನಂತ ಕರೀಬೇಕ್ರಿ?" ಎಂದು. ಅಕ್ಕ ಎನ್ನಿ ಎಂದರೆ ಅಕ್ಕ. ಅಣ್ಣ ಎನ್ನಿ ಎಂದರೆ ಅಣ್ಣ. ಮೊದಲು ಏನು ಹೆಸರಿತ್ತು, ಆಪರೇಶನ್ ಆಗಿದೆಯಾ ಎಂದೆಲ್ಲ ಕೇಳಬಾರದು. ನಮ್ಮ ಮೈ ವಿಷಯ ಯಾರಾದರೂ ಹಾಗೆ ಕೇಳಿದರೆ ನಾವು ಸುಮ್ಮನಿರುತ್ತೇವೆಯೇ?

ಇನ್ನೊಂದು ಮಾತು ಇದೆ. ಹೇಳಲು ನಾಚಿಕೆ ಆಗಬಹುದು. ಆದರೂ ಹೇಳುತ್ತೇವೆ. ನಾನು ಯಾರು ಎನ್ನುವುದು ಒಂದು. ನನಗೆ ಯಾರ ಮೇಲೆ ಮನಸ್ಸು ಎನ್ನುವುದು ಬೇರೆ. ಕೆಲವು ಹೆಣ್ಣಿಗೆ ಹೆಣ್ಣಿನ ಮೇಲೇ ಮನಸ್ಸಾಗುತ್ತದೆ, ಕೆಲವು ಗಂಡಿಗೆ ಗಂಡಿನ ಮೇಲೆ. ಅವರು ಸೀರೆ ಪಂಚೆ ಬದಲಿಸುವುದಿಲ್ಲ. ನಮ್ಮ ಹಾಗೇ ಇರುತ್ತಾರೆ. ಪೇಪರಿನಲ್ಲಿ 'ಸಲಿಂಗಕಾಮಿ' ಎಂದು ಬರೆಯುತ್ತಾರೆ. 'ಸಲಿಂಗ ಪ್ರೇಮಿ' ಎನ್ನಿ ಎಂದು ಅವರಲ್ಲಿ ಹಲವರು ಕೇಳುತ್ತಾರೆ. ನಮಗೂ ಅದೇ ಸರಿ ಎನಿಸುತ್ತದೆ. ಗಂಡನಿಗೆ ಜ್ವರ ಬಂದರೆ ರಾತ್ರಿಯೆಲ್ಲ ಕೂರುತ್ತೀರಲ್ಲ, ಅದನ್ನು ಬರೀ ಕಾಮ ಎಂದರೆ ಒಪ್ಪುತ್ತೀರಾ?

ಇದು ರೋಗವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಸರಿಹೋಗುವುದಿಲ್ಲ. ಇನ್ನೊಂದು ಮನೆಯ ಹೆಣ್ಣುಮಗಳ ಬಾಳೂ ಹಾಳಾಗುತ್ತದೆ. ಔಷಧಿ ಕೊಟ್ಟು ಬದಲಿಸುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ.

ಕಾನೂನೂ ಬದಲಾಗಿದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಲಿಂಗತ್ವ ಅಲ್ಪಸಂಖ್ಯಾತರಿಗೂ ಎಲ್ಲರಂತೆ ಹಕ್ಕು ಇದೆ ಎಂದಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಕೂಡಿದರೆ ಅದು ಅಪರಾಧ ಅಲ್ಲ ಎಂದಿತು. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಕೆಲಸದಲ್ಲಿ ಭೇದ ಮಾಡಬಾರದು ಎಂದು 2019ರಲ್ಲಿ ಕಾಯ್ದೆ ಬಂತು. 2021ರಲ್ಲಿ ನಮ್ಮ ರಾಜ್ಯ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೌಕರಿಯಲ್ಲಿ ನೂರಕ್ಕೆ ಒಂದು ಮೀಸಲು ಇಟ್ಟಿತು. ದೇಶದಲ್ಲಿ ಮೊದಲು ಮಾಡಿದ್ದು ನಾವೇ.

ಈಗ ಆ ಕಾಗದದ ಮಾತು. ಏನಂತ ಬರೆಯಬೇಕು ಎಂದು ನಾವು ಹೇಳಲಿಲ್ಲ. "ಫೋನ್ ಮಾಡಿ ಕೇಳವ್ವಾ" ಎಂದೆವು. ಅಷ್ಟರಲ್ಲಾಗಲೇ ಅವರು ನೋಟ್‌ಬುಕ್ಕಿನ ಹಾಳೆ ಹರಿದು, ಪೆನ್ಸಿಲಿನಲ್ಲಿ 'ಮಗನೆ' ಎಂದು ಬರೆದಿದ್ದರು. ನಮ್ಮ ಫೋನಿನಿಂದಲೇ ಮಾತಾಡಿದರು. "ಕಾಗದ ಬರಿಯಾಕ ಕೂತೀನಿ. ನಿನಗ ಏನನ್ನಲಿ?" ಎಂದರು. ಆ ಕಡೆ ಬಹಳ ಹೊತ್ತು ಮಾತೇ ಇಲ್ಲ. ಲೈನ್ ಕಟ್ಟಾಯಿತೇನೋ ಎಂದುಕೊಂಡೆವು.

ಆಮೇಲೆ ಅವರು ಫೋನ್ ಇಟ್ಟು, ರಬ್ಬರ್ ಕೇಳಿದರು. 'ನೆ' ಅಳಿಸಿದರು. 'ಳೆ' ಬರೆಯಬೇಕು. 'ಳ' ಅಕ್ಷರ ಅವರಿಗೆ ಇನ್ನೂ ಕೂತಿರಲಿಲ್ಲ. ಪಾಟಿಯ ಮೇಲೆ ಮತ್ತೆ ಮತ್ತೆ ತೀಡಿದರು. ಅಂದು ಕೇಂದ್ರದ ಬಾಗಿಲು ಹಾಕುವಾಗ ಹತ್ತೂವರೆ ಆಗಿತ್ತು. ಕಾಗದದಲ್ಲಿ ಐದೇ ಸಾಲು. ರೊಟ್ಟಿ ಇಪ್ಪತ್ತು, ಶೇಂಗಾ ಚಟ್ನಿ ಬೇರೆ ಕಟ್ಟಿದೆ, ಅಪ್ಪಗ ಆರಾಮ ಐತಿ, ಎಮ್ಮಿ ಈದೈತಿ, ಪಂಚಮಿಗೆ ಬಾ.

ಪಂಚಮಿ ಮುಂದಿನ ವಾರ ಇದೆ. ಮಗಳು ಬರುತ್ತೇನೆ ಎಂದಿದ್ದಾಳೆ. ನಮ್ಮ ಓಣಿಯಲ್ಲಿ ಜೋಕಾಲಿ ಕಟ್ಟಿದಾಗ ಅವಳನ್ನೂ ಕರೆಯಿರಿ.